ನೆಲ, ಕಾಗದ, ಕೆಲಸ

ಸರಗೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಯಲ್ಲಿ ಇಳಿದರೆ ಇನ್ನೂ ಮಧ್ಯಾಹ್ನದ ಊಟದ ಹೊತ್ತು ಆಗಿರುವುದಿಲ್ಲ. ವಲಸೆ ಎಂಬ ವಿಷಯದಲ್ಲಿ ಮನುಷ್ಯರಿಗೆ ಏನೇನು ಆಗಬಹುದೋ ಅದರಲ್ಲಿ ಬಹುಪಾಲು ಈ ಒಂದೇ ದಾರಿಯಲ್ಲಿ ಆಗಿಹೋಗಿದೆ. ದೇಶ ಕಳೆದುಕೊಂಡು ಬಂದ ಟಿಬೆಟಿಯನ್ನರು ಇಲ್ಲಿದ್ದಾರೆ. ಅಣೆಕಟ್ಟಿಗೂ ಕಾಡಿಗೂ ಊರು ಬಿಟ್ಟುಕೊಟ್ಟವರು ಇದ್ದಾರೆ. ಶುಂಠಿ ಬೆಳೆಯಲು ಜಮೀನು ಹಿಡಿಯುವ ವಯನಾಡಿನವರು ಬಂದು ಹೋಗುತ್ತಾರೆ. ಎಣ್ಣೆ ಬಾಟಲಿ ಹೊತ್ತು ಆಫ್ರಿಕಾಕ್ಕೆ ಹೋಗಿಬರುವ ಹಕ್ಕಿಪಿಕ್ಕಿಗಳ ಊರು ಹುಣಸೂರು ತಾಲೂಕಿನಲ್ಲೇ ಇದೆ. ಇನ್ನು ನರ್ಸಿಂಗ್ ಮುಗಿಸಿ ಮೊಬೈಲಿನಲ್ಲಿ ಜರ್ಮನ್ ಕಲಿಯುತ್ತಿರುವ ನಮ್ಮ ಹುಡುಗಿಯರು ಈಗ ಯಾವ ಹಳ್ಳಿಯಲ್ಲಿ ಇಲ್ಲ?

ಹೊಸ ಜಾಗದಲ್ಲಿ ನೆಲೆ ನಿಲ್ಲುವುದು ಒಂದು, ಕಲಿತ ವಿದ್ಯೆಗೆ ತಕ್ಕ ಕೆಲಸ ಹಿಡಿಯುವುದು ಇನ್ನೊಂದು. ನಮ್ಮಲ್ಲಿ ಪುನರ್ವಸತಿಯ ಮಾತು ಬಂದಾಗೆಲ್ಲ ಮೊದಲನೆಯದನ್ನೇ ಪೂರ್ತಿ ಕೆಲಸ ಎಂದು ತಿಳಿಯುತ್ತಾರೆ. ಎಕರೆ ಎಷ್ಟು, ಮನೆ ಎಷ್ಟು, ಪರಿಹಾರ ಎಷ್ಟು ಎಂದು ಲೆಕ್ಕ ಹಾಕಿ ಕಡತ ಕಟ್ಟಿಡುತ್ತಾರೆ. ಬಂದವರ ಮಕ್ಕಳು ಓದುತ್ತಾರೆ, ಓದಿದ ಮೇಲೆ ಹೊಲಕ್ಕೆ ಇಳಿಯಲು ಒಲ್ಲೆನ್ನುತ್ತಾರೆ, ಅವರಿಗೆ ಬೇಕಾಗುವುದು ನೇಗಿಲಲ್ಲ, ನೇಮಕಾತಿ ಪತ್ರ ಎಂಬುದು ಆ ಕಡತದಲ್ಲಿ ಇರುವುದಿಲ್ಲ. ನಾಲ್ಕು ತಾಲೂಕಿನ ಅನುಭವವನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕೆಲವರಿಗೆ ನೆಲ ಸಿಕ್ಕಿತು, ಕಾಗದ ಸಿಗಲಿಲ್ಲ. ಕೆಲವರ ಹತ್ತಿರ ಕಾಗದ ಇತ್ತು, ನೆಲ ಹೋಯಿತು. ಕೆಲವರ ಬಳಿ ಎರಡೂ ಇದ್ದು ಕಾಗದದ ಮೇಲಿನ ಹೆಸರು ತಪ್ಪಾಗಿತ್ತು.

ಟಿಬೆಟಿಯನ್ನರಿಂದಲೇ ಶುರುಮಾಡೋಣ. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಭಾರತದ ಗಡಿ ದಾಟಿದರು. ಅವರ ಹಿಂದೆ ಬಂದವರು ಸುಮಾರು 80,000 ಮಂದಿ. ಆ ಜನರಲ್ಲಿ ಬಹಳಷ್ಟು ಮಂದಿಗೆ ಮೊದಲು ಸಿಕ್ಕ ಕೆಲಸ ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿ. ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ಸರ್ಕಾರ ಒಪ್ಪಿ, ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಈ ಉಪಕಾರಕ್ಕಾಗಿ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಮತ್ತೆ ಮತ್ತೆ ನೆನೆದಿದ್ದಾರೆ. ಮೊದಲ ತಂಡ ಬಂದಿಳಿದ 1960ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಅವರ ಹೆಸರು ಎತ್ತುವವರು ಕಡಿಮೆ. ಸರ್ಕಾರದ ಪುಣ್ಯ ಯಾರ ಖಾತೆಗೆ ಜಮೆಯಾಗುತ್ತದೆಂದು ಹೇಳುವುದು ಯಾವಾಗಲೂ ಕಷ್ಟ.

ಕೊಟ್ಟದ್ದು ಸಾಗುವಳಿ ಜಮೀನಲ್ಲ, ಬರೀ ಕಾಡು. ಚಳಿಯ ನಾಡಿನವರು ಬಿಸಿಲಿನಲ್ಲಿ ಮರ ಕಡಿದು, ಬೊಡ್ಡೆ ಕಿತ್ತು, ಸುಟ್ಟು, ಹಸನು ಮಾಡಿದರು. ಆನೆ ಕಾಟ, ಸೆಕೆ, ಕ್ಷಯ ಮೂರೂ ಸೇರಿ ಮೊದಲ ವರ್ಷಗಳಲ್ಲಿ ಬಹಳ ಜನ ಸತ್ತರು. ಹೆಚ್ಚುಕಡಿಮೆ ತಲೆಗೊಂದು ಎಕರೆಯ ಲೆಕ್ಕದಲ್ಲಿ ಜಮೀನು ಹಂಚಿದರು. ಅವರ ಕೈಹಿಡಿದದ್ದು ಮುಸುಕಿನ ಜೋಳ. ಸಹಕಾರ ಸಂಘ ಬಂತು, ಅದರ ಟ್ರ್ಯಾಕ್ಟರು ಬಂದವು, ರಿಪೇರಿ ಶೆಡ್ಡು ಬಂತು. ಈ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಇಂದು ಆ ಹೆಸರು ಕೇಳಿದರೆ ನಮ್ಮ ಹೆಂಗಸರಿಗೆ ಸ್ವಸಹಾಯ ಸಂಘ ನೆನಪಾಗುತ್ತದೆ, ಆದರೆ ಅದರ ಪೂರ್ತಿ ಹೆಸರಿನ ಮೊದಲ ಭಾಗವೇ ಮೈಸೂರು ಪುನರ್ವಸತಿ. ಬೈಲುಕುಪ್ಪೆಯಲ್ಲಿ 1969ರಲ್ಲಿ ಎರಡನೆಯ ವಸತಿ, 1972ರಲ್ಲಿ ಹುಣಸೂರು ತಾಲೂಕಿನ ಗುರುಪುರದಲ್ಲಿ ಇನ್ನೊಂದು ಎದ್ದವು. ಮುಂಡಗೋಡು ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯ ಸೇರಿದರೆ ಕರ್ನಾಟಕದಲ್ಲಿ ಒಟ್ಟು ಐದು. ಜನ ಅವನ್ನೆಲ್ಲ ಕ್ಯಾಂಪು ಎನ್ನುತ್ತಾರೆ. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದು ಲೆಕ್ಕ ಹೇಳಿಯೇ ಆಟೋದವರು ಬಾಡಿಗೆ ಮಾತಾಡುವುದು.

ನೆಲೆ ನಿಲ್ಲಿಸುವ ಕೆಲಸವಾಗಿ ನೋಡಿದರೆ ಇದಕ್ಕಿಂತ ಚೆನ್ನಾಗಿ ಮಾಡಿದ್ದು ನಮ್ಮ ದೇಶದಲ್ಲಿ ಅಪರೂಪ. ಬಂದವರನ್ನು ಚೆದುರಿಸಲಿಲ್ಲ, ಒಟ್ಟಿಗೆ ಇಟ್ಟರು. ಸಂಘ, ಆಸ್ಪತ್ರೆ, ಗೊಂಪಾ (ಬೌದ್ಧ ವಿಹಾರ) ಎಲ್ಲ ಅವರ ಕೈಯಲ್ಲೇ ಉಳಿದವು. 1963ರಲ್ಲಿ ಪೆನೋರ್ ರಿಂಪೋಚೆ ಶುರುಮಾಡಿದ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣ ಮಂದಿರ 1999ರಲ್ಲಿ ತೆರೆದ ಮೇಲೆ ಮಡಿಕೇರಿಗೆ ಹೋಗುವ ಪ್ರತಿ ಪ್ರವಾಸಿ ಬಸ್ಸೂ ಅಲ್ಲಿ ನಿಲ್ಲುತ್ತದೆ. ಅದರಿಂದ ಹೋಟೆಲು, ಅಂಗಡಿ, ಬಾಡಿಗೆ ಕಾರು, ಹೀಗೆ ಸುತ್ತಲಿನ ಕೊಪ್ಪ, ಕುಶಾಲನಗರದವರೂ ಬದುಕಿದರು.

ಒಟ್ಟಿಗೆ ಇಟ್ಟದ್ದಕ್ಕೆ ತೆತ್ತ ಬೆಲೆಯೂ ಇದೆ. ಕ್ಯಾಂಪಿನ ಶಾಲೆಯಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿ ಕಲಿತು ಬೆಳೆದ ಮಕ್ಕಳಿಗೆ ಕನ್ನಡ ಬೇಕಾಗಲಿಲ್ಲ. ಕನ್ನಡ ಬಂದದ್ದು ಶಾಲೆಗೆ ಹೋಗದ ಹಿರಿಯರಿಗೆ. ಸಂತೆಗೆ ಹೋದವರಿಗೆ, ಹೊಲದಲ್ಲಿ ಸುತ್ತಲ ಹಳ್ಳಿಯ ಆಳುಗಳ ಜೊತೆ ಕೆಲಸ ಮಾಡಿದವರಿಗೆ, ಸ್ವೆಟರ್ ಮಾರಿದವರಿಗೆ. ಈ ಸ್ವೆಟರ್ ವ್ಯಾಪಾರದ ಮುಂದೆ ಸ್ವಲ್ಪ ನಿಲ್ಲಬೇಕು. ದಸರಾ ಕಳೆಯುತ್ತಲೇ ಲೂಧಿಯಾನದಿಂದ ಸಗಟು ಮಾಲು ತರಿಸಿ ಮೈಸೂರು, ಬೆಂಗಳೂರು, ಹುಬ್ಬಳ್ಳಿಯ ಫುಟ್‌ಪಾತಿನಲ್ಲೋ ಮೈದಾನದ ಸಾಲು ಅಂಗಡಿಯಲ್ಲೋ ಕೂತರೆ, ಸಂಕ್ರಾಂತಿಯ ಹೊತ್ತಿಗೆ ಗಂಟು ಕಟ್ಟಿ ಮನೆಗೆ. ಮಾಲು ಸಾಲದಲ್ಲಿ ಬರುತ್ತದೆ, ಮಾರಿದ ಮೇಲೆ ತೀರಿಸಬೇಕು. ವರ್ಷದ ಖರ್ಚಿನ ದೊಡ್ಡ ಪಾಲು ಆ ಮೂರು ತಿಂಗಳಲ್ಲಿ ಹುಟ್ಟಬೇಕು. "ಅಕ್ಕಾ, ಅಷ್ಟಕ್ಕೆ ಬರಲ್ಲ, ಉಣ್ಣೆ ನೋಡಿ ಮಾತಾಡಿ" ಎಂದು ಚೌಕಾಸಿ ಮಾಡುವ ಟಿಬೆಟನ್ ಅಜ್ಜಿಯ ಕನ್ನಡದಲ್ಲಿ ವಿಭಕ್ತಿ ತಪ್ಪಿರಬಹುದು, ಲೆಕ್ಕ ತಪ್ಪುವುದಿಲ್ಲ. ಪದವಿ ಬೇಡ, ಲೈಸೆನ್ಸು ಹೆಚ್ಚಾಗಿ ಬೇಡ, ಮೇಲಧಿಕಾರಿ ಇಲ್ಲ. ಬಂದವರು ಎಲ್ಲ ಕಡೆ ಮೊದಲು ಹಿಡಿಯುವುದು ಇಂಥ ಬಾಗಿಲನ್ನೇ. ನ್ಯೂಯಾರ್ಕಿನಲ್ಲಿ ಅದು ಟ್ಯಾಕ್ಸಿ, ದುಬೈಯಲ್ಲಿ ಉಡುಪಿ ಹೋಟೆಲಿನ ಕೌಂಟರು. ಬಾಗಿಲು ಸುಲಭವಾಗಿ ತೆರೆಯುತ್ತದೆ. ಆದರೆ ಒಳಗೆ ಮಾಳಿಗೆಗೆ ಮೆಟ್ಟಿಲು ಇರುವುದಿಲ್ಲ.

ಮೆಟ್ಟಿಲು ಬೇಕೆಂದವರು ಮಕ್ಕಳು. ಎಂಬತ್ತರ ದಶಕದಿಂದ ಕ್ಯಾಂಪಿನ ಹುಡುಗ ಹುಡುಗಿಯರು ಮೈಸೂರು, ಬೆಂಗಳೂರಿನ ಕಾಲೇಜಿಗೆ ಹೋದರು. ನರ್ಸಿಂಗು, ಬಿ.ಕಾಂ., ಶಿಕ್ಷಕ ತರಬೇತಿ, ಕಂಪ್ಯೂಟರು. ಓದು ಮುಗಿದು ಇಂಟರ್‌ವ್ಯೂಗೆ ಹೋದಾಗ ಕೈಯಲ್ಲಿದ್ದ ಗುರುತಿನ ಕಾಗದ ಎಂದರೆ ಆರ್‌ಸಿ, ಅಂದರೆ ವಿದೇಶೀಯರ ನೋಂದಣಿ ಪತ್ರ. ಇಲ್ಲೇ ಹುಟ್ಟಿದ್ದರೂ ಅದನ್ನು ಕಾಲಕಾಲಕ್ಕೆ ಪೊಲೀಸ್ ಕಚೇರಿಯಲ್ಲಿ ನವೀಕರಿಸಬೇಕು. ಅದು ತಪ್ಪಿದ ದಿನ ಮನೆಯಲ್ಲೇ ಕೂತಿದ್ದರೂ ಕಾನೂನಿನ ಕಣ್ಣಿಗೆ ಅಕ್ರಮ ವಾಸಿ. ದೇಶದ ಹೊರಗೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಐಸಿ, ಅಂದರೆ ಗುರುತಿನ ಪ್ರಮಾಣಪತ್ರದ ಪುಸ್ತಕ. ವಿಮಾನ ನಿಲ್ದಾಣದ ಎಷ್ಟೋ ಸಿಬ್ಬಂದಿ ಅದನ್ನು ಕಂಡಿರುವುದಿಲ್ಲ. ಖಾಸಗಿ ಕಂಪನಿಯ ನೇಮಕಾತಿ ವಿಭಾಗದ ಹುಡುಗ ಪರದೆಯ ಮೇಲಿನ ಪಟ್ಟಿಯಲ್ಲಿ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಮತದಾರರ ಚೀಟಿ ಹುಡುಕುತ್ತಾನೆ. ಆರ್‌ಸಿ ಎಂಬ ಸಾಲೇ ಇಲ್ಲ. "ಆಮೇಲೆ ಹೇಳ್ತೀವಿ" ಎನ್ನುತ್ತಾನೆ. ಅವನ ತಪ್ಪೂ ಅಲ್ಲ. ಸರ್ಕಾರಿ ಹುದ್ದೆಯ ಮಾತಂತೂ ದೂರವೇ, ಅದು ಬಹುತೇಕ ನಾಗರಿಕರಿಗೆ.

ದೆಹಲಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿಯನ್ನು ತೆರೆದು ನೋಡಿದರೆ ನರ್ಸಿಂಗ್, ಬೋಧನೆ, ಚಾರ್ಟರ್ಡ್ ಅಕೌಂಟೆನ್ಸಿ, ವೈದ್ಯಕೀಯ, ಇಂಜಿನಿಯರಿಂಗ್ ಎಂದು ಹೆಸರು ಹಿಡಿದು, ಅರ್ಹತೆ ಇದ್ದವರಿಗೆ ಈ ವೃತ್ತಿಗಳಲ್ಲಿ ಅವಕಾಶ ಕೊಡಬಹುದು ಎಂದು ರಾಜ್ಯಗಳಿಗೆ ಹೇಳಿದೆ. ಜಮೀನಿಗೆ ಗುತ್ತಿಗೆ ಪತ್ರ ಮಾಡಿಕೊಡಿ, ವ್ಯಾಪಾರದ ಲೈಸೆನ್ಸ್ ಕೊಡಿ, ಕಲ್ಯಾಣ ಯೋಜನೆಗಳ ಒಳಗೆ ತನ್ನಿ ಎಂದೂ ಇದೆ. ಒಳ್ಳೆಯ ನೀತಿಯೇ. ಆದರೆ 'ಕೊಡಬಹುದು' ಎಂಬುದನ್ನು ತಾಲೂಕು ಕಚೇರಿಯ ಕೌಂಟರಿನಲ್ಲಿ 'ಕೊಡಲೇಬೇಕು' ಎಂದು ಓದಿಸುವ ಶಕ್ತಿ ಅದಕ್ಕಿಲ್ಲ. ಪೂರ್ತಿ ಗೆದ್ದ ಒಂದು ಉದಾಹರಣೆ ಬೇಕಾದರೆ ಟಿಬೆಟನ್ ವೈದ್ಯ ನೋಡಿ. 2010ರಲ್ಲಿ ಸಂಸತ್ತು ಭಾರತೀಯ ವೈದ್ಯ ಪದ್ಧತಿಗಳ ಕಾಯ್ದೆಗೆ ತಿದ್ದುಪಡಿ ತಂದು ಆ ಪದ್ಧತಿಯನ್ನು, ಅಂದರೆ ಸೋವಾ ರಿಗ್ಪಾವನ್ನು, ಆಯುರ್ವೇದ, ಸಿದ್ಧ, ಯುನಾನಿಗಳ ಸಾಲಿಗೆ ಸೇರಿಸಿತು. ಅಲ್ಲಿಯವರೆಗೆ ಅದು ಅವರ ಮನೆಮದ್ದು. ಅಲ್ಲಿಂದ ಮುಂದೆ ನಾಡಿ ನೋಡುವವರೂ ಕಾನೂನು ಒಪ್ಪಿದ ವೈದ್ಯರು. ವಿದ್ಯೆ ಹಿಂದೆಯೂ ಇತ್ತು, ಮಾನ್ಯತೆ ಮಾತ್ರ ಹೊಸದು.

ಪೌರತ್ವದ ಕಥೆ ಇನ್ನೂ ಸೊಗಸಾಗಿದೆ, ಸಿಟ್ಟು ಬರಿಸುವಷ್ಟು ಸೊಗಸು. 1955ರ ಪೌರತ್ವ ಕಾಯ್ದೆಯ ಪ್ರಕಾರ 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಲಿ, ಹುಟ್ಟಿನಿಂದಲೇ ಭಾರತೀಯರು. ಅಂದಮೇಲೆ ಬೈಲುಕುಪ್ಪೆಯಲ್ಲಿ 1965ರಲ್ಲಿ ಹುಟ್ಟಿದ ಮಗು ಯಾರು? ಈ ಸರಳ ಪ್ರಶ್ನೆಗೆ ಉತ್ತರ ಬರಲು 2010ರ ಡಿಸೆಂಬರ್ ಆಗಬೇಕಾಯಿತು. ನಾಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು ಆಕೆ ಭಾರತೀಯಳೇ ಎಂದಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟು ಪಾಸ್‌ಪೋರ್ಟ್ ಕೊಡಿ ಎಂದು ಮತ್ತೆ ಹೇಳಿದ ಮೇಲೆ 2017ರಲ್ಲಿ ವಿದೇಶಾಂಗ ಇಲಾಖೆ ಒಪ್ಪಿತು. ಒಪ್ಪಿದ ಕೆಲವೇ ತಿಂಗಳಲ್ಲಿ ಷರತ್ತೂ ಬಂತು: ಆರ್‌ಸಿ, ಐಸಿ ಹಿಂದಿರುಗಿಸಬೇಕು, ನಿರಾಶ್ರಿತರದೇ ಆದ ಟಿಬೆಟನ್ ಆಡಳಿತದ ಸೌಲಭ್ಯ ಬಿಡಬೇಕು, ಕ್ಯಾಂಪಿನ ವಾಸವನ್ನೂ ಬಿಡಬೇಕು.

ಇದನ್ನು ಒಂದು ಮನೆಯೊಳಗೆ ಇಟ್ಟು ನೋಡಿ. ಅಪ್ಪ 1952ರಲ್ಲಿ ಲಾಸಾದ ಕಡೆ ಹುಟ್ಟಿದವನು, ನಿರಾಶ್ರಿತ. ಅಮ್ಮ 1962ರಲ್ಲಿ ಇಲ್ಲೇ ಹುಟ್ಟಿದವಳು, ಕಾಯ್ದೆಯ ಪ್ರಕಾರ ಭಾರತೀಯಳು, ಕಾಗದದಲ್ಲಿ ವಿದೇಶಿ. 1985ರಲ್ಲಿ ಹುಟ್ಟಿದ ಅಕ್ಕ ಹುಟ್ಟಿನಿಂದಲೇ ನಾಗರಿಕಳು. 1989ರ ತಮ್ಮನ ಕಾಲಕ್ಕೆ ಕಾಯ್ದೆ ಬದಲಾಗಿ, ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರು ಎಂದು ತೋರಿಸಬೇಕು. ಹಾಗೆ ತೋರಿಸಬೇಕಾದರೆ ಅಮ್ಮ ಮೊದಲು ಪಾಸ್‌ಪೋರ್ಟ್ ಮಾಡಿಸಬೇಕು. ಅಮ್ಮ ಮಾಡಿಸಿದರೆ ಕಟ್ಟಿದ ಮನೆ, ಉತ್ತ ಹೊಲ ಇರುವ ಕ್ಯಾಂಪು ಬಿಡಬೇಕು. ಮಗನ ಕೆಲಸಕ್ಕೆ ತಾಯಿಯ ಮನೆ ಪಣ. ಎಷ್ಟೋ ಮಂದಿ ಅರ್ಜಿಯನ್ನೇ ಹಾಕದಿರುವುದು ದೇಶಪ್ರೇಮದಿಂದ ಮಾತ್ರ ಅಲ್ಲ. ಪೌರತ್ವ ತೆಗೆದುಕೊಂಡರೆ ಟಿಬೆಟಿನ ಹೋರಾಟ ಸಡಿಲವಾಗುತ್ತದೆಂಬ ಅಳುಕು ಅವರೊಳಗೆ ನಿಜವಾಗಿಯೂ ಇದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಅಳುಕು ಇಲ್ಲದವರನ್ನೂ ಈ ಷರತ್ತು ಕಟ್ಟಿಹಾಕುತ್ತದೆ.

ಹೀಗಾದಾಗ ಓದಿದವರು ಮಾಡುವುದೊಂದೇ, ಇನ್ನೊಮ್ಮೆ ವಲಸೆ. ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ 1,000 ಟಿಬೆಟನ್ನರಿಗೆ ಜಾಗ ಕೊಟ್ಟಿತು. ಹೋದವರು ಮನೆಯವರನ್ನು ಕರೆಸಿಕೊಂಡರು. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಟೊರಾಂಟೊದ ಪಾರ್ಕ್‌ಡೇಲ್, ಪ್ಯಾರಿಸ್ಸಿನ ಹೊರವಲಯ ಇವೆಲ್ಲ ಬೈಲುಕುಪ್ಪೆಯ ಮಕ್ಕಳಿಗೆ ಹುಣಸೂರಿಗಿಂತ ಹೆಚ್ಚು ಪರಿಚಿತ. 2009ರಲ್ಲಿ ಟಿಬೆಟನ್ ಆಡಳಿತವೇ ಮಾಡಿಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,203, ಭಾರತ, ನೇಪಾಳ, ಭೂತಾನ್ ಬಿಟ್ಟು ಬೇರೆಡೆ ಇದ್ದವರು 18,920. ಅಲ್ಲಿಂದೀಚೆಗೆ ತಕ್ಕಡಿ ಹೊರಗಿನ ಕಡೆಗೇ ವಾಲುತ್ತಿದೆ. ಕ್ಯಾಂಪಿನಲ್ಲಿ ಈಗ ಮುದುಕರು, ಭಿಕ್ಷುಗಳು, ಶಾಲೆಯ ಮಕ್ಕಳು. ಹೊಲಗಳಲ್ಲಿ ದುಡಿಯುವವರು ಹೆಚ್ಚಾಗಿ ಸುತ್ತಲ ಹಳ್ಳಿಯವರು. ನೆಲ ಕೊಟ್ಟವರ ಲೆಕ್ಕದಲ್ಲಿ ಇದು ಯಶಸ್ಸೋ ಸೋಲೋ? ನನ್ನ ಮಟ್ಟಿಗೆ ಅರ್ಧ ಯಶಸ್ಸು. ಹೊಟ್ಟೆ ತುಂಬಿತು, ಓದಿಗೆ ಜಾಗ ಸಿಗಲಿಲ್ಲ.

ಕರ್ನಾಟಕದಲ್ಲೇ ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳರನ್ನು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಸೇರಿಸಿದರು. ಪೌರತ್ವ ಒಪ್ಪಂದದಲ್ಲೇ ಇತ್ತು, ಕೆಲಸವೂ ಬಂದ ಕೂಡಲೇ ಸಿಕ್ಕಿತು. ಸ್ವಂತ ನೆಲ ಸಿಗಲಿಲ್ಲ, ಮಕ್ಕಳಿಗೆ ಜಾತಿ ಪ್ರಮಾಣಪತ್ರಕ್ಕೆ ಅಲೆದಾಟ ತಪ್ಪಲಿಲ್ಲ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ನಿರಾಶ್ರಿತರಿಗೆ ಜಮೀನು ಸಿಕ್ಕಿ ಪೌರತ್ವಕ್ಕೆ ದಶಕಗಳು ಕಾಯಬೇಕಾಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಅವರ ಕಡೆ ನೋಡಿದೆ. ಅದರಲ್ಲಿರುವ ಮೂರು ದೇಶಗಳು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ. ಬೌದ್ಧರು ಎಂದು ಬರೆದಿದ್ದರೂ ಟಿಬೆಟಿನಿಂದ ಬಂದ ಬೌದ್ಧರಿಗೆ ಅದರಿಂದ ಏನೂ ಇಲ್ಲ.

ನಮ್ಮ ಸರಗೂರು, ಹೆಗ್ಗಡದೇವನಕೋಟೆ ಕಡೆ ಬಂದರೆ ಕಥೆ ತಲೆಕೆಳಗು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಮುಳುಗಿದ ಹಳ್ಳಿಗಳ ಜನ, ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬರು, ಎರವರು, ಬೆಟ್ಟಕುರುಬರು ಇವರೆಲ್ಲ ಹುಟ್ಟು ನಾಗರಿಕರು. ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳನ್ನು 3,418 ಎಂದು ಲೆಕ್ಕಹಾಕಿ 2014ರಲ್ಲಿ ವರದಿ ಕೊಟ್ಟಿತು. ಹುಣಸೂರು ತಾಲೂಕಿನ ನಾಗಾಪುರದಲ್ಲಿ ಕೆಲವರಿಗೆ ಮನೆ, ಜಮೀನು ಆಯಿತು. ಬಹಳ ಮಂದಿ ಇವತ್ತಿಗೂ ಬೆಳಿಗ್ಗೆ ಮೇಸ್ತ್ರಿಯ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಆದಿವಾಸಿ ಹಾಡಿಯಲ್ಲಿ ಪಿಯುಸಿ ಮುಗಿಸಿದ ಹುಡುಗನಿಗೆ ಬೇಕಾದದ್ದು ಬೈಲುಕುಪ್ಪೆಯವರ ಹತ್ತಿರ ಇದ್ದು ಇವನ ಹತ್ತಿರ ಇಲ್ಲದ್ದು: ಬೆನ್ನ ಹಿಂದೆ ಒಂದು ಸಂಘ, ಫೀಸಿಗೊಂದು ನಿಧಿ, ಹಾಸ್ಟೆಲಿನ ಸೀಟಿಗೆ ಮಾತಾಡುವ ಒಬ್ಬ ಹಿರಿಯ. 1984ರಿಂದ ಈ ಭಾಗದಲ್ಲಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನಂಥವರು ಆಸ್ಪತ್ರೆ, ಶಾಲೆ ಕಟ್ಟಿ ಅದರಲ್ಲಿ ಒಂದು ಪಾಲು ತುಂಬಿದ್ದಾರೆ. ಒಂದು ಪಾಲು, ಅಷ್ಟೇ. ಒಂದು ಸಂಸ್ಥೆಯಿಂದ ಆಗುವುದೂ ಅಷ್ಟೇ.

ಶುಂಠಿಯವರ ಬಗ್ಗೆ ಎರಡೇ ಮಾತು. ವಯನಾಡಿನಿಂದ ಬಾವಲಿ ಗೇಟು ದಾಟಿ ಬಂದು ಹೆಗ್ಗಡದೇವನಕೋಟೆ, ಹುಣಸೂರಿನಲ್ಲಿ ಜಮೀನನ್ನು ವರ್ಷದ ಗುತ್ತಿಗೆಗೆ ಹಿಡಿಯುವ ಇವರಿಗೆ ನೆಲೆಯೂ ಬೇಡ, ಇಲ್ಲಿಯ ಕಾಗದವೂ ಬೇಡ. ಮುಂಗಡ ಕೈಗಿಟ್ಟರೆ ಯಜಮಾನರು ಪಹಣಿ ತೋರಿಸುತ್ತಾರೆ, ಬೋರ್‌ವೆಲ್ ನೀರು ಎಷ್ಟು ಇಂಚು ಎಂದು ನೋಡಿಕೊಂಡು ಇವರು ಮಾತು ಮುಗಿಸುತ್ತಾರೆ. ಮಣ್ಣಿನ ಮೇಲೆ ಶುಂಠಿ ಏನು ಮಾಡುತ್ತದೆಂಬುದು ಬೇರೆ ಲೇಖನ. ಇಲ್ಲಿ ಗಮನಿಸಬೇಕಾದ್ದು, ಬಂಡವಾಳವೂ ಪರಿಚಯವೂ ಇದ್ದವನಿಗೆ ವಲಸೆ ಒಂದು ವ್ಯವಹಾರ ಮಾತ್ರ ಎಂಬುದು.

ಹಕ್ಕಿಪಿಕ್ಕಿಗಳು ಹಾಗಲ್ಲ. ಹುಣಸೂರು ತಾಲೂಕಿನ ಪಕ್ಷಿರಾಜಪುರಕ್ಕೆ ಹೋದವರು ಬೋರ್ಡುಗಳನ್ನು ನೋಡಿರುತ್ತಾರೆ, ಮನೆಮನೆಯಲ್ಲೂ ಆದಿವಾಸಿ ತಲೆಗೂದಲ ಎಣ್ಣೆ. ಬೇಟೆ ನಿಂತ ಮೇಲೆ ಗಿಡಮೂಲಿಕೆ ಹಿಡಿದ ಜನ ಇವರು. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ, ಹೊರಗೆ ಕನ್ನಡ, ತಮಿಳು, ತೆಲುಗು, ಹಿಂದಿ. ಈ ನಾಲಿಗೆಯ ಬಲದ ಮೇಲೆ ಆಫ್ರಿಕಾದ ದೇಶಗಳಿಗೆ ಹೋಗಿ ಎಣ್ಣೆ, ಮೂಲಿಕೆ ಮಾರಿ ಬರುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೇ ಹೆಚ್ಚು, 'ಆಪರೇಷನ್ ಕಾವೇರಿ'ಯಲ್ಲಿ ಹಿಂದಕ್ಕೆ ಬಂದರು. ಸಾಲ ಮಾಡಿ ಒಯ್ದ ಸರಕು ಅಲ್ಲೇ ಉಳಿಯಿತು. ದೇಶ ದಾಟುವ ಎದೆಗಾರಿಕೆಯಲ್ಲಿ ಇವರ ಮುಂದೆ ಸಾಫ್ಟ್‌ವೇರ್ ಇಂಜಿನಿಯರು ಏನೂ ಅಲ್ಲ. ಕೊರತೆ ಇರುವುದು ಬೆನ್ನಿಗೆ. ಕೆಲಸದ ವೀಸಾ ಇಲ್ಲ, ವಿಮೆ ಇಲ್ಲ, ಮದ್ದು ಮಾರಲು ಆ ದೇಶದ ಪರವಾನಗಿ ಇಲ್ಲ. ಪೊಲೀಸರು ಹಿಡಿದರೆ ಮೊದಲು ಯಾರಿಗೆ ಫೋನು ಮಾಡಬೇಕೆಂಬ ನಂಬರೂ ಎಷ್ಟೋ ಜನರ ಬಳಿ ಇರುವುದಿಲ್ಲ.

ಕೊನೆಯದಾಗಿ ನಮ್ಮ ಮನೆಗಳಿಂದ ಪದವಿ ಹಿಡಿದು ಹೊರಡುವವರು. ಇವರ ಕೈಯಲ್ಲಿ ಪೌರತ್ವ ಇದೆ, ಪದವಿ ಇದೆ, ಮೈಸೂರಿನಲ್ಲಿ ಪಾಸ್‌ಪೋರ್ಟ್ ಕಚೇರಿಯೂ ಇದೆ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು 2017ರ ಜನವರಿಯಲ್ಲಿ ತೆರೆದದ್ದು ಮೈಸೂರು ಮತ್ತು ಗುಜರಾತಿನ ದಾಹೋದಿನಲ್ಲಿ. ಆದರೂ ಮುಗ್ಗರಿಸುತ್ತಾರೆ. ಮುಗ್ಗರಿಸುವ ಜಾಗ ಬಹುತೇಕ ಒಂದೇ, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕವಿತಾ ಎಸ್.ಎಂ.', ಆಧಾರಿನಲ್ಲಿ 'ಕವಿತ', ನರ್ಸಿಂಗ್ ಡಿಪ್ಲೊಮಾದಲ್ಲಿ 'ಎಸ್.ಎಂ. ಕವಿತಾ', ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಾಗ ಊರಿನ ಹೆಸರು ಹಿಂದೆ, ಅಪ್ಪನ ಹೆಸರು ಮುಂದೆ. ನಮಗೆ ನಾಲ್ಕೂ ಒಬ್ಬಳೇ. ದುಬೈಯಲ್ಲಿ ಕೂತು ಪ್ರಮಾಣಪತ್ರ ಪರಿಶೀಲಿಸುವ ಗುಮಾಸ್ತನಿಗೆ ನಾಲ್ಕು ಜನ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಸಂದರ್ಶಕರನ್ನು ಒಳಗೆ ಬಿಡುವುದಿಲ್ಲ ಎಂದಾಗ ಕಂಗಾಲಾದವರಲ್ಲಿ ನಮ್ಮ ಕಡೆಯವರೂ ಇದ್ದರು. ಟಿಬೆಟನ್ನರಿಗೂ ಇದೇ ಫಜೀತಿ, ಮನೆತನದ ಹೆಸರು ಬರೆಯುವ ಪದ್ಧತಿ ಇಲ್ಲ, ದಲೈ ಲಾಮಾ ಹೆಸರಿಟ್ಟ ಮಕ್ಕಳೆಲ್ಲ ತೆನ್‌ಜಿನ್. ಒಂದು ತರಗತಿಯಲ್ಲಿ ಅರ್ಧ ಮಂದಿ ತೆನ್‌ಜಿನ್ ಇರುತ್ತಾರೆ.

ಹೆಸರು ಸರಿಯಾದ ಮೇಲೆ ಪದವಿಯ ಸರದಿ. ನರ್ಸಿಂಗ್ ಓದುವವರು ಸೇರುವ ಮೊದಲೇ ಕೇಳಬೇಕಾದ ಪ್ರಶ್ನೆ ಹಾಸ್ಟೆಲ್ ಊಟದ್ದಲ್ಲ. ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಮಾತ್ರ ಇದೆಯೋ, ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲೂ ಹೆಸರಿದೆಯೋ ಎಂಬುದನ್ನು ವಿಚಾರಿಸಬೇಕು. ಎರಡನೆಯದು ಇಲ್ಲದಿದ್ದರೆ ಹೊರಗೆ ತಕರಾರು ಬರುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಂಥ ಕಡೆಯೋ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲೋ ದುಡಿದು, ತಾರೀಕು ನಮೂದಿಸಿದ ಅನುಭವ ಪತ್ರ ಪಡೆಯಬೇಕು. ಕೊಲ್ಲಿ ದೇಶಗಳಲ್ಲಿ ಮೂಲ ಕಾಲೇಜಿಗೇ ಪತ್ರ ಬರೆದು ಪ್ರಮಾಣಪತ್ರ ಖಚಿತಪಡಿಸಿಕೊಳ್ಳುತ್ತಾರೆ. ಮುಚ್ಚಿಹೋದ ಕಾಲೇಜಿನಿಂದ ಉತ್ತರ ಬರುವುದಿಲ್ಲ. ಜರ್ಮನಿಯಲ್ಲಿ ಪೂರ್ಣ ನರ್ಸ್ ಎನಿಸಿಕೊಳ್ಳಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅಲ್ಲಿಯವರೆಗೆ ಸಹಾಯಕಿಯ ಸಂಬಳ, ಸಹಾಯಕಿಯ ಕೆಲಸ. "ಹೋದ ಮೇಲೆ ಕಲಿತರಾಯ್ತು" ಎಂದು ಹೊರಟವರು ರಾತ್ರಿ ಪಾಳಿ ಮುಗಿಸಿ ವ್ಯಾಕರಣ ಓದುತ್ತ ಅಳುತ್ತಾರೆ. ಭಾಷೆಯನ್ನು ಹೊರಡುವ ಮೊದಲೇ ಕಲಿತವರ ದಾರಿ ಅರ್ಧ ಸವೆದಂತೆ.

ಇಂಜಿನಿಯರುಗಳ ದಾರಿ ಬೇರೆ. ಸಾಫ್ಟ್‌ವೇರಿನವರಿಗೆ ಪರವಾನಗಿಯ ಗೊಡವೆ ಇಲ್ಲ. ಸಿವಿಲ್, ಎಲೆಕ್ಟ್ರಿಕಲ್‌ನವರಿಗೆ ಇದೆ. ಕೆನಡಾದಲ್ಲಿ ಇಂಜಿನಿಯರ್ ಎಂದು ಹಾಕಿಕೊಳ್ಳಲು ಆಯಾ ಪ್ರಾಂತ್ಯದ ಸಂಸ್ಥೆಯ ಪರವಾನಗಿ ಬೇಕು. 'ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ತನ್ನಿ' ಎಂಬ ಷರತ್ತಿನಿಂದ ತಲೆಮಾರುಗಟ್ಟಲೆ ಇಂಜಿನಿಯರುಗಳು ಟ್ಯಾಕ್ಸಿ ಓಡಿಸಿದರು. ಒಂಟಾರಿಯೊದ ಸಂಸ್ಥೆ ಆ ಷರತ್ತನ್ನು 2023ರ ಮೇಯಲ್ಲಿ ತೆಗೆದುಹಾಕಿತು. ಕೆಲಸ ಸಿಗದಿದ್ದವರ ಯೋಗ್ಯತೆ 2023ರ ಏಪ್ರಿಲಿನಲ್ಲೂ ಅಷ್ಟೇ ಇತ್ತು. ಆರ್‌ಸಿ ಹಿಡಿದು ನಿಂತ ಬೈಲುಕುಪ್ಪೆಯ ಬಿ.ಕಾಂ. ಹುಡುಗಿಗೂ ಟೊರಾಂಟೊದಲ್ಲಿ ಕಾರು ಓಡಿಸಿದ ಮಂಡ್ಯದ ಇಂಜಿನಿಯರಿಗೂ ಅಡ್ಡ ಬಂದದ್ದು ಒಂದೇ ಜಾತಿಯ ಗೋಡೆ.

ಏಜೆಂಟರ ಮಾತು ಆಡದೆ ಬಿಡುವಂತಿಲ್ಲ. ನೋಂದಾಯಿತ ನೇಮಕಾತಿ ಏಜೆಂಟು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಮ್ಮ ಕಾನೂನು ಹಾಕಿರುವ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದವನು ಆ ಮಾತಿನಲ್ಲೇ ತನ್ನ ಪರಿಚಯ ಹೇಳಿಕೊಂಡಂತೆ. ಇ-ಮೈಗ್ರೇಟ್ ತಾಣದಲ್ಲಿ ಲೈಸೆನ್ಸ್ ನಂಬರು ಹಾಕಿ ನೋಡಲು ಐದು ನಿಮಿಷ ಸಾಕು. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ ಎಂದವನ ಹಿಂದೆ ಹೋಗಬಾರದು. ಡೇಟಾ ಎಂಟ್ರಿ ಕೆಲಸ ಎಂದು ಥಾಯ್ಲೆಂಡಿಗೆ ಟಿಕೆಟು ಕೊಡಿಸಿ ಮ್ಯಾನ್ಮಾರ್, ಕಾಂಬೋಡಿಯಾದ ವಂಚನೆ ಕೇಂದ್ರಗಳಿಗೆ ದಾಟಿಸಿದ ಪ್ರಕರಣಗಳಲ್ಲಿ ಸಿಕ್ಕವರೂ ಓದಿದ ಹುಡುಗರೇ. ಕೊಲ್ಲಿಯಂಥ ಕೆಲವು ದೇಶಗಳಿಗೆ ನರ್ಸುಗಳನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕೆಂದು 2015ರಿಂದ ನಿಯಮ ಇದೆ. ಕರ್ನಾಟಕದಲ್ಲಿ ಕೌಶಲ್ಯ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಆದರೆ ಅದು ಬೆಂಗಳೂರಿನಲ್ಲಿದೆ. ಏಜೆಂಟು ಹುಣಸೂರಿನ ಬಸ್ ನಿಲ್ದಾಣದ ಪಕ್ಕದಲ್ಲಿದ್ದಾನೆ, ಕಾಫಿಯನ್ನೂ ಕೊಡಿಸುತ್ತಾನೆ.

ಆದ್ದರಿಂದ ಮೊದಲ ಕೆಲಸ ಊರಿನ ಶಾಲೆಯಲ್ಲೇ ಆಗಬೇಕು. ಹೈಸ್ಕೂಲಿನಲ್ಲಿ, ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಮೊದಲು, ಇನಿಷಿಯಲ್ ಬಿಡಿಸಿದ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಕು ಇವನ್ನು ಜನನ ಪತ್ರದ ಜೊತೆ ತಾಳೆ ನೋಡಿ ತಿದ್ದಿಸಿದರೆ ಮುಖ್ಯೋಪಾಧ್ಯಾಯರ ಒಂದು ಸಹಿಯಲ್ಲಿ ಮುಗಿಯುತ್ತದೆ. ನರ್ಸಿಂಗ್ ಮುಗಿಸಿ, ವೀಸಾ ದಿನಾಂಕ ಎದುರಿಗಿಟ್ಟುಕೊಂಡು ತಿದ್ದಿಸಲು ಹೊರಟರೆ ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಮಂಡಳಿ, ಪರಿಷತ್ತು, ಮತ್ತೆ ಪಾಸ್‌ಪೋರ್ಟ್. ಹಾಡಿಯ ಮಕ್ಕಳಿಗೆ ಜಾತಿ ಪ್ರಮಾಣಪತ್ರವನ್ನೂ ಅದೇ ದಿನ ಅದೇ ಶಾಲೆಯಲ್ಲಿ ಮಾಡಿಸಿಕೊಡಲು ನಾಡಕಚೇರಿಯವರು ಬಂದು ಕೂರಬಹುದು, ಚುನಾವಣೆಗೆ ಬರುವುದಿಲ್ಲವೇ? ಬೈಲುಕುಪ್ಪೆ, ಗುರುಪುರದ ವಿಷಯದಲ್ಲಿ ರಾಜ್ಯ ತಾನೇ ಮಾಡಬಹುದಾದದ್ದೂ ಇದೆ. ಆರ್‌ಸಿ ಹಿಡಿದು ಬಂದ ನರ್ಸನ್ನು, ಮೇಷ್ಟರನ್ನು ಸೇರಿಸಿಕೊಳ್ಳಲು ಅಡ್ಡಿಯಿಲ್ಲವೆಂದು 2014ರ ನೀತಿಯನ್ನು ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ ಮಾಡಿ ಮೈಸೂರು ಜಿಲ್ಲೆಯ ಪ್ರತಿ ಖಾಸಗಿ ಆಸ್ಪತ್ರೆ, ಶಾಲೆ, ಕಂಪನಿಗೆ ಕಳಿಸುವುದು. ನಮ್ಮ ನರ್ಸುಗಳು ಜರ್ಮನಿಗೆ ಹೊರಟಿರುವ ಈ ಹೊತ್ತಿನಲ್ಲಿ ಇಲ್ಲಿಯ ಆಸ್ಪತ್ರೆಗಳಿಗೂ ಆ ಸುತ್ತೋಲೆ ಬೇಕಾಗಿದೆ.